ನಡುರಾತ್ರಿಯ ಡವಡವಕ್ಕೆ ನಾನು ಮಾಡಿ ನೋಡಿದ್ದು

2021ರ ಏಪ್ರಿಲ್ ಕೊನೆಗೆ, ಕೋವಿಡ್ ಲಾಕ್‌ಡೌನಿನಲ್ಲಿ, ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಕಿರಾಣಿ ಅಂಗಡಿ ತೆರೆಯುತ್ತಿತ್ತು. ನಾನು ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಹಾಕಿ ಶಿರಸಿ ತಾಲೂಕಿನ ತವರಿಗೆ ಬಂದು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಎರಡೂವರೆಗೆ ಎಚ್ಚರ. ಎದೆಯಲ್ಲಿ ಒಂದು ಬಡಿತ ತಪ್ಪಿದ ಹಾಗೆ, ಹಿಂದೆಯೇ ಒಂದು ದೊಡ್ಡ ಗುದ್ದು, ಆಮೇಲೆ ಓಟ. ದಿಂಬಿಗೆ ಒತ್ತಿದ ಕಿವಿಯಲ್ಲೂ ಅದೇ ಸದ್ದು.

ಮೊದಲು ಹೋಗಿದ್ದು ಪೇಟೆಯ ಡಾಕ್ಟರ ಹತ್ತಿರ. ಇಸಿಜಿ, ಹಿಮೋಗ್ಲೋಬಿನ್, ಥೈರಾಯ್ಡ್ ಮೂರೂ ಸರಿಯಿದ್ದವು. ಇಸಿಜಿ ತೆಗೆಯುವಷ್ಟು ಹೊತ್ತು ನನ್ನ ಹೃದಯ, ಇನ್‌ಸ್ಪೆಕ್ಟರ್ ಬಂದ ದಿನದ ಶಾಲೆ ಮಕ್ಕಳ ಹಾಗೆ ಶಿಸ್ತಾಗಿತ್ತು ಬಿಡಿ. ಆದರೂ ಈ ಮೆಟ್ಟಿಲು ಹಾರಬೇಡಿ. ರಕ್ತ ಕಡಿಮೆಯಿದ್ದರೂ, ಥೈರಾಯ್ಡ್ ಏರಿದ್ದರೂ, ಕೋವಿಡ್ ಬಂದು ಹೋದ ಮೇಲೂ ಎದೆ ಹೀಗೆಯೇ ಹೊಡೆದುಕೊಳ್ಳುತ್ತದೆ. ಬಡಿತದ ಜೊತೆ ಎದೆನೋವು, ಕಣ್ಣು ಕತ್ತಲೆ, ಪ್ರಜ್ಞೆ ತಪ್ಪುವುದು ಇದ್ದರೆ ಇಲ್ಲಿ ಬರೆದ ಯಾವುದನ್ನೂ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ನಮಗೆ ದೊಡ್ಡ ಹೃದಯದ ಆಸ್ಪತ್ರೆ ಎಂದರೆ ಹುಬ್ಬಳ್ಳಿ, ಇಲ್ಲವೇ ಘಟ್ಟ ಇಳಿದು ಮಣಿಪಾಲ. ಆ ದೂರವನ್ನು ಕತ್ತಲಲ್ಲಿ ಲೆಕ್ಕ ಹಾಕುವುದೇ ನನಗೆ ಅರ್ಧ ಕಾಯಿಲೆಯಾಗಿತ್ತು.

ಬೆರಳಿಗೆ ಸಿಕ್ಕಿಸಿ ಆಮ್ಲಜನಕ, ನಾಡಿ ನೋಡುವ ಆಕ್ಸಿಮೀಟರನ್ನು ಇಮ್ಮಡಿ ದುಡ್ಡು ಕೊಟ್ಟು ತರಿಸಿದ್ದೆ. ಉಸಿರಾಟದ ಅಭ್ಯಾಸಕ್ಕೆ ಕಾಸಿಲ್ಲ. ಎರಡನ್ನೂ ಒಂದೇ ವಾರ ಶುರು ಮಾಡಿದ್ದರಿಂದ ಹೋಲಿಸುವುದು ಸುಲಭ. ಆಕ್ಸಿಮೀಟರಿನಲ್ಲಿ ಆಮ್ಲಜನಕ 98 ಕಂಡಾಗ ಸಿಗುವ ಸಮಾಧಾನ ಎರಡು ನಿಮಿಷ ಬಾಳುತ್ತಿತ್ತು. ಆಮೇಲೆ ಕಣ್ಣು ಕೆಳಗಿನ ನಾಡಿಯ ಅಂಕಿಗೆ ಇಳಿಯುತ್ತಿತ್ತು. 104. ನೋಡಿ ಹೆದರಿದೆ, 112. ಅದನ್ನು ನೋಡಿ ಮತ್ತೆ ಹೆದರಿದೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅದು ತಪ್ಪು ತೋರಿಸುವುದೂ ಉಂಟು. ಒಂದು ರಾತ್ರಿ 89 ತೋರಿಸಿ ಮನೆಯವರನ್ನೆಲ್ಲ ಎಬ್ಬಿಸಿಬಿಟ್ಟೆ. ಬೆರಳು ಉಜ್ಜಿ ಬಿಸಿ ಮಾಡಿಕೊಂಡು ನೋಡಿದರೆ 97. "ಎಂತದೇ ಕೂಸೆ, ಬೆರಳಿಗೆ ಅದನ್ನ ಸಿಕ್ಸ್ಕಂಡು ಕೂತ್ರೆ ನಿದ್ದೆ ಬತ್ತಾ?" ಎಂದು ಆಯಿ ಕೇಳಿದ್ದು ಆವತ್ತೇ. ಜ್ವರ, ಕೆಮ್ಮು ಇದ್ದವರಿಗೆ ಅದು ಬೇಕಾದ ಯಂತ್ರವೇ. ನನಗೆ ಮಾತ್ರ ಅದು ಭಯಕ್ಕೆ ಬಡ್ಡಿ ಕಟ್ಟಿದ ಹಾಗಾಯಿತು.

ಉಸಿರಿನಲ್ಲೂ ಎಲ್ಲ ಬಗೆ ಒಂದೇ ಅಲ್ಲ. ನಾಲ್ಕು ಎಣಿಸಿ ಒಳಗೆ, ಏಳು ಎಣಿಸುವಷ್ಟು ತಡೆದು, ಎಂಟಕ್ಕೆ ಹೊರಗೆ ಎನ್ನುವ ಪದ್ಧತಿ ನನಗೆ ಒಗ್ಗಲೇ ಇಲ್ಲ. ಉಸಿರು ತಡೆದ ಕೂಡಲೇ, ಹತ್ತು ಸೆಕೆಂಡ್ ಉಸಿರು ಹಿಡಿದರೆ ಕೊರೋನಾ ಇಲ್ಲ ಎಂಬ ಆ ವಾಟ್ಸಾಪ್ ಸುಳ್ಳು ನೆನಪಾಗಿ ಅಭ್ಯಾಸ ಹೋಗಿ ಪರೀಕ್ಷೆಯಾಗುತ್ತಿತ್ತು. ತಡೆಯುವುದನ್ನು ಬಿಟ್ಟೆ. ನಾಲ್ಕಕ್ಕೆ ಒಳಗೆ, ಆರಕ್ಕೆ ಹೊರಗೆ, ಅಂದರೆ ನಿಮಿಷಕ್ಕೆ ಆರು ಉಸಿರು. ಉಸಿರು ಬಿಡುವಾಗ ಬಡಿತ ತಾನಾಗಿಯೇ ತುಸು ನಿಧಾನವಾಗುತ್ತದೆ, ಆದ್ದರಿಂದ ಆ ಪಾಲು ಉದ್ದವಿರಬೇಕು. ಎಣಿಸಲು ಬೇಜಾರಾದ ದಿನ ಭ್ರಾಮರಿ ಮಾಡುತ್ತಿದ್ದೆ, ಗುಂಯ್‌ಗುಟ್ಟುವುದರಲ್ಲಿ ಉಸಿರು ತಾನೇ ಉದ್ದವಾಗುತ್ತದೆ. ಐದಾರು ನಿಮಿಷ ಹಿಡಿಯುತ್ತಿತ್ತು.

ಅಷ್ಟು ತಾಳ್ಮೆಯಿಲ್ಲದ ರಾತ್ರಿಗಳಿಗೆ ತಣ್ಣೀರು. ಬೋಗುಣಿಯಲ್ಲಿ ಫ್ರಿಜ್ಜಿನ ನೀರು ಹಾಕಿ ಮುಖ ಮುಳುಗಿಸಿ ಹದಿನೈದು ಸೆಕೆಂಡ್. ಇದು ಮೂಢನಂಬಿಕೆಯಲ್ಲ. ಮುಖಕ್ಕೆ ತಂಪು ತಾಗಿ ಉಸಿರು ನಿಂತರೆ ವೇಗಸ್ ನರ ಬಡಿತವನ್ನು ಇಳಿಸುತ್ತದೆ. ಸೀಲ್‌ನಂಥ ನೀರಿಗೆ ಮುಳುಗುವ ಪ್ರಾಣಿಗಳಲ್ಲೂ ಇದೇ ಏರ್ಪಾಟು. ಹೃದಯದ ಕಾಯಿಲೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಮಾಡಬಾರದು. ವೇಗದ ಲೆಕ್ಕದಲ್ಲಿ ಇದನ್ನು ಮೀರಿಸಿದ್ದು ಇನ್ನೊಂದಿಲ್ಲ, ಆದರೆ ಒದ್ದೆ ಕೂದಲಲ್ಲಿ ಮತ್ತೆ ನಿದ್ದೆ ಬರುವುದಿಲ್ಲ.

ಮಾತ್ರೆಯೂ ಇತ್ತು, ಪ್ರೊಪ್ರನಾಲೋಲ್ 10 ಮಿಲಿಗ್ರಾಂ. ಬರೆದುಕೊಡುವ ಮೊದಲು ಡಾಕ್ಟರು ಅಸ್ತಮಾ ಇದೆಯಾ ಎಂದು ಎರಡು ಸಲ ಕೇಳಿದರು, ಅಸ್ತಮಾದವರಿಗೆ ಅದು ಆಗದು. ಒಳ್ಳೆಯ ಮಾತ್ರೆ, ಬಡಿತವನ್ನು ನಿಜಕ್ಕೂ ಹಿಡಿಯುತ್ತದೆ. ತೊಡಕೆಂದರೆ ಅದು ಹಿಡಿಯಲು ಅರ್ಧ ತಾಸಿನಿಂದ ಒಂದು ತಾಸು ಬೇಕು, ನನ್ನ ಗಾಬರಿ ಇಪ್ಪತ್ತು ನಿಮಿಷದಲ್ಲಿ ತಾನೇ ಇಳಿಯುತ್ತಿತ್ತು. ಕಳ್ಳ ಹೋದ ಮೇಲೆ ನಾಯಿ ಕಟ್ಟಿದ ಹಾಗೆ. ಕಚೇರಿಯ ದೊಡ್ಡ ಮೀಟಿಂಗಿನಂಥ, ಮೊದಲೇ ಗೊತ್ತಿರುವ ಭಯಕ್ಕೆ ಚೆನ್ನ. ಒಟ್ಟು ನಾಲ್ಕು ಮಾತ್ರೆ ಖರ್ಚಾಯಿತು.

ಕಷಾಯದ ಕಥೆ ಬೇರೆ. ನಮ್ಮ ಕಡೆ ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ ಹಾಲು ಬೆಲ್ಲ ಹಾಕುವುದು ಹಳೆಯ ರೂಢಿ. ಆ ವರ್ಷ ಅದಕ್ಕೆ ಕಾಳುಮೆಣಸು, ಶುಂಠಿ, ಜೇಷ್ಠಮಧು ಸೇರಿ ದಿನಕ್ಕೆ ಮೂರು ಲೋಟ ಆಯಿತು. ಹೊಟ್ಟೆ ಉರಿ, ಹುಳಿತೇಗು, ಅದರ ಹಿಂದೆ ಎದೆ ಧಡಧಡ. ಜೇಷ್ಠಮಧು ಹೆಚ್ಚಾದರೆ ಪೊಟ್ಯಾಸಿಯಂ ಇಳಿದು ಬಡಿತದ ಲಯವೇ ಕೆಡಬಹುದು ಎಂದು ನನಗೆ ಗೊತ್ತಾದದ್ದು ಆಮೇಲೆ. ಹಳೆಯ ಕೊತ್ತಂಬರಿ ಕಷಾಯಕ್ಕೆ ಮರಳಿ, ನಾಲ್ಕು ಲೋಟ ಚಹಾವನ್ನು ಎರಡಕ್ಕೆ ಇಳಿಸಿದೆ. ಮೂರು ದಿನ ತಲೆ ಸಿಡಿಯಿತು. ಎರಡನೇ ವಾರಕ್ಕೆ ರಾತ್ರಿ ಎಚ್ಚರವಾಗುವುದು ಕಡಿಮೆಯಾಯಿತು.

ಇಷ್ಟರಲ್ಲಿ ನಿಮ್ಹಾನ್ಸ್ 2020ರ ಮಾರ್ಚಿನಲ್ಲೇ ಶುರು ಮಾಡಿದ್ದ ಮಾನಸಿಕ ಆರೋಗ್ಯದ ಸಹಾಯವಾಣಿಗೆ ಫೋನ್ ಮಾಡೋಣ ಅಂದುಕೊಂಡೆ (ಈಗಾದರೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ). ಆದರೆ ನಮ್ಮನೆಯಲ್ಲಿ ಮಾತಿನ ನಡುವೆ ನೆಟ್‌ವರ್ಕ್ ಹೋಗುತ್ತದೆ. ಅದು ಕಡಿಯದೆ ಸಿಗುವುದು ಮನೆ ಹಿಂದಿನ ಸೊಪ್ಪಿನ ಬೆಟ್ಟದ ನೆತ್ತಿಯಲ್ಲಿ, ಮತ್ತಿಮರದ ಬುಡದಲ್ಲಿ. ಏದುಸಿರು ಬಿಡುತ್ತಾ ಹತ್ತಿ ಫೋನ್ ಹಚ್ಚಿದೆ. ಆ ಕಡೆಯ ಹೆಂಗಸು "ಈಗ ಹೇಗಿದೆ ಬಡಿತ?" ಅಂದರು. ಬೆರಳಿಗೆ ಸಿಕ್ಕಿಸಿ ನೋಡಿದೆ, 131. "ಹೆದರಿಕೆ ಆಗ್ತಿದೆಯಾ?" ಇಲ್ಲವಲ್ಲ, ಬೆಟ್ಟ ಹತ್ತಿದ್ದೇನೆ! ರಾತ್ರಿಯದಕ್ಕಿಂತ ಜೋರಾದ ಅದೇ ಬಡಿತ, ಅದರ ಪಾಡಿಗೆ ಅದು ಇಳಿಯುತ್ತಿತ್ತು. ದಿನಾ ಹತ್ತಿ, ಮೇಲೆ ನಿಂತು, ಅದು ಇಳಿಯುವವರೆಗೆ ಸುಮ್ಮನೆ ಇರಿ ಅಂದರು.

ತಣ್ಣೀರು, ಉಸಿರು ಆ ಹೊತ್ತಿನ ಬಡಿತವನ್ನು ಇಳಿಸಿದವು, ಚಹಾ ಇಳಿಸಿದ್ದು ರಾತ್ರಿಗಳನ್ನು ಕಡಿಮೆ ಮಾಡಿತು. ಬಡಿತ ಬಂದರೂ ಬರಲಿ ಎನ್ನುವ ಹಾಗೆ ಮಾಡಿದ್ದು ಬೆಟ್ಟ ಒಂದೇ. ಮೂರು ವಾರಕ್ಕೆ ಆಕ್ಸಿಮೀಟರ್ ಕೆಳಗಿನ ಮನೆಯವರ ಕೈ ಸೇರಿತು, ಅವರಲ್ಲಿ ಜ್ವರ ಬಂದಿತ್ತು.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಉಂಬಳದ (ಜಿಗಣೆಯ) ಕಾಟಕ್ಕೆ ಬೆಟ್ಟದ ಕಡೆ ಹೋಗಲಾಗಲಿಲ್ಲ. ಆಗಿನಿಂದ ತೋಟಕ್ಕೆ ಇಳಿದು ಹತ್ತುತ್ತೇನೆ, ಅರವತ್ತೆರಡು ಮೆಟ್ಟಿಲು, ಬೆಳಿಗ್ಗೆ ಮೂರು ಸಲ. ಅಲ್ಲೂ ಉಂಬಳ ಇವೆ, ಆದರೆ ಕಡಿಮೆ.