ಬೆಕ್ಕಿನ ಗಾಯಕ್ಕೆ ಮನುಷ್ಯರ ಔಷಧಿ: ಬಾಟಲಿಗೆ ನಾಲ್ಕು ಸ್ಟಾರ್, ಟ್ಯೂಬಿಗೆ ಒಂದೂ ಇಲ್ಲ

ತಗೊಂಡಿದ್ದು ಗಾಯ ತೊಳೆಯೋ ನಂಜುನಾಶಕ ಪೊವಿಡೋನ್ ಅಯೋಡಿನ್ 10% ದ್ರಾವಣದ ಒಂದು ಬಾಟಲಿ, ಜೊತೆಗೆ 100 ಮಿಲಿ ನಾರ್ಮಲ್ ಸಲೈನ್, ಅಂದರೆ ಶುದ್ಧ ಉಪ್ಪುನೀರು. ಎರಡೂ ಮೈಸೂರಿನ ಧನ್ವಂತ್ರಿ ರಸ್ತೆಯಲ್ಲಿ. ಬಳಸಿದ್ದು ನಮ್ಮ ಕೆಂಚನಿಗೆ. ನಾಲ್ಕು ವರ್ಷದ ಗಂಡು ಬೆಕ್ಕು.

ನಮ್ಮನೆ ಅಗ್ರಹಾರದಲ್ಲಿ, ಹಳೇ ಹೆಂಚಿನ ಮನೆ. ರಾತ್ರಿಯಾದರೆ ಸೂರಿನ ಮೇಲೆ ಬೆಕ್ಕುಗಳ ಕಾಳಗ. ಒಂದು ಬೆಳಗ್ಗೆ ಕೆಂಚನ ಬಾಲದ ಬುಡದಲ್ಲಿ ಎರಡು ತೂತು ಕಂಡವು, ಸೂಜಿ ಚುಚ್ಚಿದಷ್ಟೇ. ಅತ್ತೆ ಅರಿಶಿನಕ್ಕೆ ಕೊಬ್ಬರಿ ಎಣ್ಣೆ ಕಲಸಿ ತಂದರು. ನಾನು ಮನೆ ಹತ್ತಿರದ ಮೆಡಿಕಲ್ ಶಾಪಿಗೆ ಹೋದೆ. ಅಲ್ಲಿದ್ದ ಹುಡುಗ ಒಂದು ಟ್ಯೂಬ್ ಕೊಟ್ಟು, "ಇದೇ ಹಚ್ಚಿ ಅಕ್ಕ, ನೋವೂ ಹೋಗುತ್ತೆ, ಬೇಕಾದರೆ ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ ಅರ್ಧ ಚಮಚ ಕುಡಿಸಿ" ಅಂದ. ಸಿರಪ್ ತರಲಿಲ್ಲ. ಟ್ಯೂಬ್ ತಂದು ಹಚ್ಚಿದೆ. ಐದು ನಿಮಿಷದಲ್ಲಿ ಕೆಂಚ ಅದನ್ನೆಲ್ಲ ನೆಕ್ಕಿ, ಬಾಯಲ್ಲಿ ನೊರೆ ಸುರಿಸುತ್ತಾ ಮಂಚದ ಕೆಳಗೆ ಸೇರಿಕೊಂಡ. ನನ್ನ ಕೈಕಾಲೇ ಆಡಲಿಲ್ಲ.

ಟ್ಯೂಬನ್ನೂ ಬೆಕ್ಕನ್ನೂ ಎತ್ತಿಕೊಂಡು ಪಶುವೈದ್ಯರ ಹತ್ತಿರ ಓಡಿದೆ. ಅವರು ಮೊದಲು ಓದಿದ್ದು ಟ್ಯೂಬಿನ ಹಿಂಭಾಗವನ್ನು. ಒಳಗೆ ಲಿಗ್ನೋಕೇನ್ ಇತ್ತು. ಬೆಂಜೊಕೇನ್, ಲಿಗ್ನೋಕೇನ್‌ನಂಥ ಮರಗಟ್ಟಿಸೋ ಔಷಧಿಗಳು ಬೆಕ್ಕಿಗೆ ಅಪಾಯ ಅಂದರು. ಸಿರಪ್ ಕುಡಿಸಿಲ್ಲ ತಾನೇ ಅಂತ ಎರಡು ಸಲ ಕೇಳಿದರು. ಪ್ಯಾರಾಸಿಟಮಾಲನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಕುಡಿಸಿದರೆ ರಕ್ತ ಆಮ್ಲಜನಕ ಹೊರಲಾರದೆ ಕಂದು ಬಣ್ಣಕ್ಕೆ ತಿರುಗುತ್ತೆ, ಒಸಡು ನೀಲಿಗಟ್ಟುತ್ತೆ. ಒಂದು 500 ಮಿಲಿಗ್ರಾಂ ಮಾತ್ರೆ ಸಾಕು, ಬೆಕ್ಕಿನ ಪ್ರಾಣ ಹೋಗಲು. ಕೌಂಟರಿನಲ್ಲಿ ನಿಂತು ಔಷಧಿ ಕೊಡುವವರು ದಯವಿಟ್ಟು ಇದೊಂದನ್ನು ತಿಳಿದುಕೊಳ್ಳಿ.

ಕೆಂಚನ ನೊರೆ ಕಹಿಗೆ ಬಂದಿದ್ದು, ಸಂಜೆಗೆ ಸರಿಹೋದ. ಆದರೆ ತೂತಿನ ವಿಷಯ ಬೇರೆಯೇ ಇತ್ತು. ಬೆಕ್ಕಿನ ಕೋರೆಹಲ್ಲು ಸಣ್ಣ, ಚೂಪು, ಆಳಕ್ಕಿಳಿಯುತ್ತೆ. ಮೇಲಿನ ಚರ್ಮ ಬೇಗ ಕೂಡಿಕೊಳ್ಳುತ್ತೆ, ಒಳಗೆ ಕೀವು ಕಟ್ಟುತ್ತೆ. ಮೂರನೇ ದಿನ ಅಲ್ಲಿ ನಿಂಬೆಹಣ್ಣಿನಷ್ಟು ಊತ. ಡಾಕ್ಟರು ಕೂದಲು ಬೋಳಿಸಿ, ಕೊಯ್ದು, ಕೀವು ತೆಗೆದು, ಆಂಟಿಬಯಾಟಿಕ್ ಕೊಟ್ಟರು. ಇಂಥ ಗಾಯವನ್ನು ಯಾವ ಮುಲಾಮೂ ವಾಸಿ ಮಾಡಲ್ಲ. ಅರಿಶಿನದ ಮುದ್ದೆ ಮೆತ್ತಿದ್ದರೆ ಬಾಯಿ ಮುಚ್ಚಿಕೊಂಡು ಇನ್ನೂ ಕೆಡುತ್ತಿತ್ತು ಅಂದರು. ಅತ್ತೆ ಸುಮ್ಮನೆ ಬಟ್ಟಲು ತೊಳೆದಿಟ್ಟರು.

ಈಗ ಬಾಟಲಿ ವಿಚಾರ. ದಿನಕ್ಕೆ ಎರಡು ಸಲ ಗಾಯ ತೊಳೆಯೋಕೆ ಡಾಕ್ಟರು ಹೇಳಿದ್ದು ಇದನ್ನೇ, ಆದರೆ ನೇರ ಅಲ್ಲ. ಸೂಜಿ ತೆಗೆದ ಸಿರಿಂಜಲ್ಲಿ 1 ಮಿಲಿ ಎಳೆದು 50 ಮಿಲಿ ಸಲೈನ್‌ಗೆ ಬಿಡಬೇಕು. ಕಾಫಿ ಡಿಕಾಕ್ಷನ್ ಥರ ಕಡುಗಂದು ಹನಿ ಲೋಟದ ತಳಕ್ಕೆ ಎಳೆಎಳೆಯಾಗಿ ಇಳಿದು, ಒಂದು ಸಲ ತಿರುಗಿಸಿದರೆ ಹಾಲು ಹಾಕದ ತೆಳು ಟೀ ಬಣ್ಣ. ಅಷ್ಟೇ ಇರಬೇಕು. ಗಟ್ಟಿ ಇದ್ದರೆ ಹೊಸ ಚರ್ಮಕ್ಕೇ ಏಟು. ನೊರೆ ಬರೋ ಹೈಡ್ರೋಜನ್ ಪೆರಾಕ್ಸೈಡೂ ಹಾಗೇ. ಬೆರೆಸಿದ್ದನ್ನು ಇಟ್ಟುಕೊಳ್ಳದೆ ದಿನಾ ಹೊಸದಾಗಿ ಮಾಡಿದೆ. ಉರಿ ಇರಲಿಲ್ಲ ಅನಿಸುತ್ತೆ, ಎರಡನೇ ದಿನದಿಂದ ಕೆಂಚ ಮೈ ಬಿಟ್ಟು ಮಲಗುತ್ತಿದ್ದ.

ನೀರಿಗೆ ಬಿಟ್ಟರೆ ಹಾಲಿನ ಹಾಗೆ ಬೆಳ್ಳಗಾಗೋ ನಂಜುನಾಶಕ ಎಲ್ಲರ ಬಚ್ಚಲಲ್ಲೂ ಇರುತ್ತಲ್ಲ, ಅದರಲ್ಲಿರೋ ಕ್ಲೋರೋಕ್ಸಿಲೆನಾಲ್ ಫಿನಾಲ್ ಜಾತಿಯದು. ಬೆಕ್ಕಿಗೆ ಅದು ವಿಷ. ಜಿಂಕ್ ಆಕ್ಸೈಡ್ ಕ್ರೀಮು, ಟೀ ಟ್ರೀ ಎಣ್ಣೆಯೂ ಬೇಡ. ಬೆಕ್ಕಿನ ಮೈಗೆ ಹಚ್ಚಿದ್ದು ಅದರ ಹೊಟ್ಟೆಗೇ ಹೋಗುತ್ತೆ ಅಂತಲೇ ಲೆಕ್ಕ ಹಾಕಿ.

ಅದಕ್ಕೇ ಕೊರಳಿಗೆ ಕಾಲರ್ ಬೇಕೇ ಬೇಕು. ಪ್ಲಾಸ್ಟಿಕ್ಕಿನದು ಸಿಗುತ್ತೆ. ನಾನು ಟೈಲರ್ ಆಗಿರೋದರಿಂದ ಶರ್ಟ್ ಕಾಲರಿಗೆ ಹಾಕೋ ಬಕ್ರಮ್ಮನ್ನು ಅಂಬ್ರೆಲಾ ಲಂಗದ ಹಾಗೆ ಗುಂಡಗೆ ಕತ್ತರಿಸಿ, ಕತ್ತಿನ ಅಂಚಿಗೆ ಮೆತ್ತನೆ ಕಾಟನ್ ಪಟ್ಟಿ ಹೊಲಿದೆ. ಹನ್ನೆರಡು ದಿನ ಬಾಳಿಕೆ ಬಂತು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಲೇಬಲ್ಲಿಗೆ. ಎಷ್ಟಕ್ಕೆ ಎಷ್ಟು ಬೆರೆಸಬೇಕು ಅನ್ನೋದು ನನ್ನ ಬಾಟಲಿ ಮೇಲೆ ಎಲ್ಲೂ ಇರಲಿಲ್ಲ. ಬಟ್ಟೆಗೆ ಗುರುತು ಹಾಕೋ ಪೆನ್ನಿನಲ್ಲಿ ನಾನೇ ದಪ್ಪಗೆ ಬರೆದಿಟ್ಟಿದ್ದೀನಿ: "ಕೆಂಚನಿಗೆ, 50ಕ್ಕೆ 1."