ಕ್ಲಬ್ ರೂಮಿಗೆ ದುಡ್ಡು ಕೊಟ್ವಿ, ಸಂಜೆ ಆರಕ್ಕೆ ಮಕ್ಕಳಿಗೆ ಲೌಂಜಲ್ಲಿ ಎಂಟ್ರಿ ಇಲ್ಲ ಅಂದ್ರು

ಬೆಂಗಳೂರಿನ ಒಂದು ಫೈವ್ ಸ್ಟಾರ್ ಹೋಟೆಲಿನ ಎಕ್ಸಿಕ್ಯೂಟಿವ್ ಲೌಂಜ್ ರಿವ್ಯೂ ಇದು. ಹೆಸರು ಹಾಕ್ತಿಲ್ಲ, ಯಾಕಂದ್ರೆ ಬೇರೆ ಬೇರೆ ಹೋಟೆಲಲ್ಲಿ ಇಳಿದ ನೆಂಟರು, ಫ್ರೆಂಡ್ಸ್ ಕೂಡ ಹೆಚ್ಚುಕಮ್ಮಿ ಇದೇ ಹೇಳಿದಾರೆ, ಹಾಗಾಗಿ ಒಬ್ಬರ ಮೇಲೆ ಹಾಕಿ ಪ್ರಯೋಜನ ಇಲ್ಲ. ಮಕ್ಕಳನ್ನ ಕರ್ಕೊಂಡು ಕ್ಲಬ್ ರೂಮ್ ಬುಕ್ ಮಾಡೋಣ ಅನ್ಕೊಂಡಿರೋರು ಓದ್ಲಿ ಅಂತ ಬರೀತಿದೀನಿ.

ಅತ್ತೆ ಮಾವಂದು ನಲವತ್ತನೇ ಆನಿವರ್ಸರಿ. ತಿಪಟೂರಿಂದ ಬಂದಿದ್ರು. ನಮ್ಮನೆಯವರು ಕ್ಲಬ್ ಫ್ಲೋರಲ್ಲಿ ಎರಡು ರೂಮ್ ಹಾಕಿದ್ರು, ಒಂದು ಅವರಿಬ್ಬರಿಗೆ, ಇನ್ನೊಂದು ನಾವು, ನಮ್ಮ ಆರು ವರ್ಷದ ಮಗ, ನಾದಿನಿ ಮಗಳು ಒಂಬತ್ತು ವರ್ಷದವಳು. ಸಾಮಾನ್ಯ ರೂಮಿಗಿಂತ ನಾಲ್ಕೈದು ಸಾವಿರ ಜಾಸ್ತಿ, ಅದೂ ಒಂದೊಂದು ರೂಮಿಗೆ, ಮೇಲೆ 7,500 ರೂಪಾಯಿ ದಾಟಿದ ರೂಮಿಗೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಇಷ್ಟು ಕೊಟ್ಟಿದ್ದು ಲೌಂಜಿಗೋಸ್ಕರನೇ, ರೂಮ್ ಸೈಜಲ್ಲಿ ಏನೂ ವ್ಯತ್ಯಾಸ ಇರ್ಲಿಲ್ಲ. ಬುಕ್ ಮಾಡುವಾಗ ಫೋನಲ್ಲಿ ಮಕ್ಕಳ ವಯಸ್ಸು ಕೇಳಿ ಬರ್ಕೊಂಡ್ರು, ಎಕ್ಸ್‌ಟ್ರಾ ಬೆಡ್ ಬೇಕಾ ಅಂತಾನೂ ಕೇಳಿದ್ರು. ಲೌಂಜ್ ಬಗ್ಗೆ ಮಾತ್ರ ಒಂದು ಮಾತೂ ಆಡ್ಲಿಲ್ಲ.

ಲೌಂಜ್ ಅಂದ್ರೇನು ಅಂತ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ: ಮೇಲಿನ ಫ್ಲೋರಲ್ಲಿ ಕ್ಲಬ್ ರೂಮ್, ಸೂಟ್‌ನವರಿಗೆ ಮತ್ತೆ ಹೋಟೆಲಿನ ಮೆಂಬರ್‌ಶಿಪ್ಪಲ್ಲಿ ಮೇಲಿನ ಲೆವೆಲ್ ಇರೋರಿಗೆ ಬೇರೆ ಒಂದು ಹಾಲ್. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಟೀ, ಸಂಜೆ ಎರಡು ಗಂಟೆ ಹೊತ್ತು ಡ್ರಿಂಕ್ಸ್ ಮತ್ತೆ ಬಿಸಿ ಸ್ನ್ಯಾಕ್ಸ್, ಎಲ್ಲಾ ರೂಮ್ ರೇಟಲ್ಲೇ ಸೇರಿರತ್ತೆ.

ಮಧ್ಯಾಹ್ನದ ಟೀಗೆ ಹೋದ್ವಿ, ನಿಜಕ್ಕೂ ಚೆನ್ನಾಗಿತ್ತು. ಫಿಲ್ಟರ್ ಕಾಫಿ ಕೇಳಿದ್ರೆ ಮೆಷಿನ್ ತೋರಿಸ್ಲಿಲ್ಲ, ಡಿಕಾಕ್ಷನ್ ಹಾಕಿದ ಕಾಫಿನೇ ಲೋಟ ಬಟ್ಟಲಲ್ಲಿ ತಂದುಕೊಟ್ರು, ಮಾವ ಎರಡು ಸಲ ತರಿಸ್ಕೊಂಡ್ರು. ಸಣ್ಣ ಸಣ್ಣ ಮದ್ದೂರು ವಡೆ, ಬಾಳೆಹಣ್ಣಿನ ಕೇಕ್, ಸ್ಯಾಂಡ್‌ವಿಚ್. ಅಲ್ಲಿ ಕೆಲಸ ಮಾಡೋ ಹುಡುಗಿ ಒಬ್ಬಳು ಮಗನಿಗೆ ಅಂತ ಹಾಟ್ ಚಾಕೊಲೇಟ್ ಮಾಡಿ ತಂದ್ಲು, ಕುಡಿಯುವಷ್ಟು ಆರಿಸಿ ತಂದಿದ್ಲು, ಅದನ್ನ ನಾನು ಮರೆಯಲ್ಲ. ಮಕ್ಕಳು ಕಿಟಕಿ ಹತ್ರ ಕೂತು ಕೆಳಗಿನ ಟ್ರಾಫಿಕ್ ನೋಡ್ತಾ ಇದ್ರು, ಯಾರಿಗೂ ಏನೂ ತೊಂದ್ರೆ ಆಗ್ಲಿಲ್ಲ. ಎದ್ದು ಬರುವಾಗ ಅದೇ ಹುಡುಗಿ "ಸಂಜೆ ಬನ್ನಿ ಮೇಡಂ, ಬಿಸಿಬೇಳೆಬಾತ್ ಇರತ್ತೆ" ಅಂದ್ಲು, ಪಾಪ ಅವಳಿಗೂ ರೂಲ್ ಸರಿಯಾಗಿ ಹೇಳಿರ್ಲಿಲ್ಲ ಅನ್ಸತ್ತೆ.

ಆರು ಗಂಟೆಗೆ ಅತ್ತೆ ರೇಷ್ಮೆ ಸೀರೆ ಉಟ್ಕೊಂಡು ಎಲ್ಲರೂ ರೆಡಿಯಾಗಿ ಹೋದ್ರೆ ಬಾಗಿಲಲ್ಲೇ ನಿಲ್ಲಿಸಿದ್ರು. ಸಂಜೆ ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ಇಲ್ಲ ಸರ್, ಪಾಲಿಸಿ. ಎಲ್ಲಿ ಬರೆದಿದೆ ಅಂತ ಕೇಳಿದ್ವಿ. ರೂಮಲ್ಲಿ ಒಂದು ಫೋಲ್ಡರ್ ಇಟ್ಟಿರ್ತಾರಲ್ಲ, ಅದರ ಒಳಗಿನ ಪುಟದಲ್ಲಿ ಇದೆಯಂತೆ. ಚೆಕಿನ್ ಆದ ಮೇಲೆ ಕೈಗೆ ಸಿಗೋ ಪುಟದಲ್ಲಿ ಬರೆದ್ರೆ ಬುಕ್ ಮಾಡೋರು ಯಾವಾಗ ಓದ್ಬೇಕು? ನಮ್ಮನೆಯವರು ಮ್ಯಾನೇಜರ್ ಕರೀರಿ ಅಂತಿದ್ದ ಹಾಗೇ ಮಾವ "ಬಿಡಪ್ಪ, ಯಾಕೆ ಜಗಳ, ನೀವೆಲ್ಲ ಹೋಗಿ, ನಾನು ಮಕ್ಕಳ ಜೊತೆ ರೂಮಲ್ಲಿ ಇರ್ತೀನಿ" ಅಂತ ಹೊರಟೇಬಿಟ್ರು. ಯಾರ ಆನಿವರ್ಸರಿಗೆ ಬಂದ್ವೋ ಅವರೇ ರೂಮಲ್ಲಿ. ಅತ್ತೆ ಒಳಗೆ ಬರೋಕೆ ಒಪ್ಪಲೇ ಇಲ್ಲ, ಅವರನ್ನ ಬಿಟ್ಟು ನನಗೇನು ಅಲ್ಲಿ ಕೆಲಸ ಅಂತ ಅವರೂ ತಿರುಗಿದ್ರು.

ಇಷ್ಟೇ ಆಗಿದ್ರೆ ರೂಲ್ ಇದೆ ಅಂತ ಸುಮ್ಮನಾಗ್ತಿದ್ದೆ. ಆದ್ರೆ ಬಾಗಿಲಿಂದಾನೇ ಕಾಣಿಸ್ತಿತ್ತು, ಒಳಗೆ ಇಬ್ಬರು ಮಕ್ಕಳು ಕೂತಿದ್ರು, ನಮ್ಮವನಿಗಿಂತ ಚಿಕ್ಕವರು, ಟ್ಯಾಬಲ್ಲಿ ಕಾರ್ಟೂನ್ ಜೋರಾಗಿ ಹಾಕ್ಕೊಂಡು. ಅವರು ಹೇಗೆ ಅಂದ್ರೆ "ಅವರು ನಮ್ಮ ರೆಗ್ಯುಲರ್ ಗೆಸ್ಟ್ ಮೇಡಂ" ಅಂದ್ರು. ನನಗೆ ನಿಜವಾಗಿ ಕೋಪ ಬಂದಿದ್ದು ಇಲ್ಲಿ. ಮಕ್ಕಳು ಬೇಡ ಅಂತ ಇದ್ರೆ ಎಲ್ಲರ ಮಕ್ಕಳೂ ಬೇಡ, ದೊಡ್ಡ ಮೆಂಬರ್ ಮಕ್ಕಳು ಗಲಾಟೆ ಮಾಡಿದ್ರೂ ಪರವಾಗಿಲ್ಲ, ವರ್ಷಕ್ಕೆ ಒಂದು ಸಲ ಬರೋರ ಮಕ್ಕಳು ಸುಮ್ಮನೆ ಕೂತ್ರೂ ಆಗಲ್ಲ ಅಂದ್ರೆ ಅದು ಪಾಲಿಸಿ ಅಲ್ಲ, ತಾರತಮ್ಯ.

ಈಗ ಇನ್ನೊಂದು ಕಡೆ. ಅಲ್ಲೇ ಮೂಲೆಯಲ್ಲಿ ಒಬ್ಬರು ಹೆಂಗಸು ಲ್ಯಾಪ್‌ಟಾಪ್ ಮುಚ್ಚಿ ಒಂದು ಗ್ಲಾಸ್ ವೈನ್ ಇಟ್ಕೊಂಡು ಒಬ್ಬರೇ ಕೂತಿದ್ರು, ಆ ಕಾರ್ಟೂನ್ ಸದ್ದಿಗೆ ಎರಡು ಮೂರು ಸಲ ತಿರುಗಿ ನೋಡಿದ್ರು. ಇಡೀ ದಿನ ಮೀಟಿಂಗ್ ಮುಗಿಸಿ ಬಂದಿರ್ತಾರೆ, ಆ ನಿಶ್ಶಬ್ದಕ್ಕೆ ಅವರೂ ದುಡ್ಡು ಕೊಟ್ಟಿದಾರೆ. ನಮ್ಮನೆಯವರೇ ಕೆಲಸದ ಮೇಲೆ ಊರೂರು ಸುತ್ತೋರು, ಲೌಂಜಲ್ಲಿ ಕೂತು ಕಾಲ್ ತಗೋತಾರೆ, ಪಕ್ಕದಲ್ಲಿ ಮಕ್ಕಳು ಓಡಾಡಿದ್ರೆ ಕಷ್ಟ ಅಂತ ಅವರೇ ಹೇಳಿದಾರೆ. ಅಸಲಿಗೆ ಈ ಮೆಂಬರ್‌ಶಿಪ್‌ಗಳು ಹುಟ್ಟಿದ್ದೇ ಅಂಥೋರಿಗೆ. ಮ್ಯಾರಿಯೆಟ್ ಹೋಟೆಲ್‌ಗಳ ಮೆಂಬರ್‌ಶಿಪ್ ಬಾನ್‌ವಾಯಲ್ಲಿ ಲೌಂಜ್ ಸಿಗೋ ಪ್ಲಾಟಿನಂ ಲೆವೆಲ್ ಮುಟ್ಟೋಕೆ ವರ್ಷಕ್ಕೆ 50 ನೈಟ್ ಬೇಕು, ಹಯಾತ್ ಹೋಟೆಲ್‌ಗಳ ಅಂಥದ್ದೇ ಲೆವೆಲ್ ಗ್ಲೋಬಲಿಸ್ಟ್‌ಗೆ 60 (ನಾವು ಇಳಿದಿದ್ದು ಈ ಎರಡೂ ಅಲ್ಲ). ವರ್ಷದಲ್ಲಿ ಐವತ್ತು ರಾತ್ರಿ ಹೆಂಡತಿ ಮಕ್ಕಳನ್ನ ಕರ್ಕೊಂಡು ಯಾರು ಹೋಟೆಲಲ್ಲಿ ಇರ್ತಾರೆ? ಒಬ್ಬರೇ ಕೆಲಸಕ್ಕೆ ಓಡಾಡೋರು.

ಆದ್ರೆ ಬೆಂಗಳೂರಲ್ಲಿ ಹೋಟೆಲ್‌ನವರು ಅದೇ ಲೌಂಜನ್ನ ಎರಡು ಥರದ ಜನಕ್ಕೆ ಮಾರ್ತಿದಾರೆ, ನನ್ನ ಪ್ರಕಾರ ಸಮಸ್ಯೆ ಬೇರು ಇದೇ. ಸೋಮವಾರದಿಂದ ಗುರುವಾರ ವೈಟ್‌ಫೀಲ್ಡ್, ರಿಂಗ್ ರೋಡ್ ಆಫೀಸುಗಳಿಗೆ ಬಂದೋರು. ಶುಕ್ರವಾರ ಅವರೆಲ್ಲ ಫ್ಲೈಟ್ ಹತ್ತಿದ ಮೇಲೆ ರೂಮ್ ಖಾಲಿ, ಆಗ ಫ್ಯಾಮಿಲಿ ಸ್ಟೇಕೇಷನ್ (ನಮ್ಮೂರಿನ ಹೋಟೆಲಲ್ಲೇ ರಜೆ ಕಳೆಯೋದು) ಆಫರ್ ಬರತ್ತೆ, ಫೋಟೋದಲ್ಲಿ ಈಜುಕೊಳದಲ್ಲಿ ನಗ್ತಿರೋ ಮಕ್ಕಳು, ಜೊತೆಗೆ ಕ್ಲಬ್ ಅಪ್‌ಗ್ರೇಡ್ ಮಾಡ್ಕೊಳ್ಳಿ ಅಂತ. ಜಯನಗರ, ಮಲ್ಲೇಶ್ವರದ ಸಂಸಾರಗಳನ್ನ ಹೀಗೆ ಕರೆಸಿ, ದುಡ್ಡು ತಗೊಂಡು, ಸಂಜೆ ಆರಕ್ಕೆ ಮಕ್ಕಳು ಬೇಡ ಅಂದ್ರೆ ಹೇಗೆ? ಶನಿವಾರ ಸಂಜೆ ಮಕ್ಕಳು ಬರ್ತಾರೆ ಅಂತ ಅವರಿಗೆ ಗೊತ್ತಿದೆ, ಅವರೇ ಕರೆದಿದಾರೆ.

ಡ್ರಿಂಕ್ಸ್ ಕೊಡೋ ಜಾಗ, ಕಾನೂನು ಅಂತ ಒಂದು ಕಾರಣ ಕೊಟ್ರು. ಕರ್ನಾಟಕದಲ್ಲಿ ಬಾರಲ್ಲಿ 21 ವರ್ಷದ ಒಳಗಿನವರಿಗೆ ಮದ್ಯ ಕೊಡೋ ಹಾಗಿಲ್ಲ ಸರಿ, ಅದು ಕೊಡೋದರ ಮಾತು. ಅದೇ ಹೋಟೆಲಿನ ಕೆಳಗಿನ ರೆಸ್ಟೋರೆಂಟಲ್ಲಿ ಒಂದೇ ಟೇಬಲಲ್ಲಿ ಅಪ್ಪನಿಗೆ ಬಿಯರ್, ಮಗುವಿಗೆ ಪಾಸ್ತಾ ತಂದಿಡ್ತಾರೆ, ನಾವೇ ಆ ರಾತ್ರಿ ನೋಡಿದ್ವಿ. ಕೆಳಗೆ ಆಗೋದು ಮೇಲೆ ಯಾಕೆ ಆಗಲ್ಲ? ಗಲಾಟೆ ಬೇಡ ಅಂತ ಹೇಳ್ಲಿ, ಅದು ನ್ಯಾಯವಾದ ಕಾರಣ, ಒಪ್ಕೋತೀನಿ.

ನಮ್ಮೂರಿನ ಮಾಮೂಲಿ ಬಾರ್ ಅಂಡ್ ರೆಸ್ಟೋರೆಂಟ್‌ನವರು ಇದಕ್ಕೆ ಎಷ್ಟೋ ವರ್ಷದ ಹಿಂದೇನೇ ದಾರಿ ಮಾಡಿದಾರೆ. ಕೆಳಗೆ ಬಾರ್, ಮೇಲೆ ಮೆಟ್ಟಿಲು ಹತ್ತಿದ್ರೆ ಫ್ಯಾಮಿಲಿ ಸೆಕ್ಷನ್. ಅಡುಗೆಮನೆ ಒಂದೇ, ಅದೇ ಕಬಾಬ್, ಅದೇ ಗೋಬಿ ಮಂಚೂರಿ ಎರಡೂ ಕಡೆ ಹೋಗತ್ತೆ. ಕುಡಿಯೋರಿಗೂ ಮುಜುಗರ ಇಲ್ಲ, ಮಕ್ಕಳ ಜೊತೆ ಬಂದೋರಿಗೂ ಇಲ್ಲ. ಇಷ್ಟು ದೊಡ್ಡ ಹೋಟೆಲಿಗೆ ಲೌಂಜ್ ಪಕ್ಕದಲ್ಲಿರೋ ಮೀಟಿಂಗ್ ರೂಮನ್ನ ವೀಕೆಂಡ್ ಸಂಜೆ ಎರಡು ಗಂಟೆ ಸಂಸಾರಸ್ಥರಿಗೆ ತೆಗೆದುಕೊಡೋಕೆ ಆಗಲ್ವಾ? ಆ ದಿನ ಅದು ಖಾಲಿ ಇತ್ತು, ಲೈಟ್ ಕೂಡ ಹಾಕಿರ್ಲಿಲ್ಲ. ಅದೂ ಬೇಡ ಅಂದ್ರೆ ಐದರಿಂದ ಆರು ಗಂಟೆವರೆಗೆ ಮಕ್ಕಳಿಗೆ ಅಂತ ಬಿಸಿ ತಿಂಡಿ ಕೊಡ್ಲಿ, ಇಲ್ಲಾ ರೂಮಿಗೆ ಕಳಿಸ್ಲಿ, ದುಡ್ಡು ಕೊಟ್ಟಿರ್ತೀವಲ್ಲ.

ನಾವು ಅಪ್ಪ ಅಮ್ಮಂದಿರೂ ಸರಿ ಇರ್ಬೇಕು, ಇದನ್ನ ಹೇಳದೆ ಬಿಟ್ರೆ ತಪ್ಪಾಗತ್ತೆ. ಮೊಬೈಲಲ್ಲಿ ಸೌಂಡ್ ಬೇಡ, ಹೆಡ್‌ಫೋನ್ ಇಲ್ಲದಿದ್ರೆ ಟ್ಯಾಬ್ ರೂಮಲ್ಲೇ ಇರ್ಲಿ. ಬಫೆ ಹತ್ರ ಮಕ್ಕಳನ್ನ ಒಬ್ಬರನ್ನೇ ಬಿಡೋದು, ಅವರು ಕೈ ಹಾಕಿ ಮುಟ್ಟಿ ಬಿಟ್ಟಿದ್ದನ್ನ ಬೇರೆಯವರು ತಿನ್ನೋ ಹಾಗೆ ಮಾಡೋದು, ಸೋಫಾ ಮೇಲೆ ಚಪ್ಪಲಿ ಕಾಲಲ್ಲಿ ಹತ್ತಿಸೋದು, ಇದೆಲ್ಲ ನೋಡಿ ನೋಡಿನೇ ಹೋಟೆಲ್‌ನವರು ಇಂಥ ರೂಲ್ ಮಾಡಿರೋದು. ಹಾಗೇ ದೊಡ್ಡವರು ಸ್ಪೀಕರಲ್ಲಿ ಫೋನ್ ಹಾಕಿ ಕಿರುಚಾಡಿದ್ರೂ ಬಂದು ಹೇಳ್ಬೇಕು. ಮಧ್ಯಾಹ್ನ ಟೀಗೆ ಹೋದಾಗ ಅಲ್ಲಿ ಜಾಸ್ತಿ ಸದ್ದು ಮಾಡಿದ್ದು ಮಕ್ಕಳಲ್ಲ, ಸೈಟ್ ವ್ಯಾಪಾರ ಮಾತಾಡ್ತಿದ್ದ ಇಬ್ಬರು ಗಂಡಸರು, ಅವರಿಗೆ ಯಾರೂ ಏನೂ ಅನ್ಲಿಲ್ಲ.

ಮಾರನೇ ದಿನ ಮ್ಯಾನೇಜರ್ ಬಂದು ಸಾರಿ ಕೇಳಿದ್ರು, ಅತ್ತೆ ಮಾವಂಗೆ ಕೇಕ್ ಕಳಿಸಿದ್ರು, ಒಳ್ಳೆ ಮನಸ್ಸಿಂದಾನೇ ಮಾಡಿದ್ರು. ಆದ್ರೆ ಲೌಂಜಿನ ಎಕ್ಸ್‌ಟ್ರಾ ದುಡ್ಡಲ್ಲಿ ಏನಾದ್ರೂ ವಾಪಸ್ ಮಾಡ್ತೀರಾ ಅಂದ್ರೆ ಅದು ಸಿಸ್ಟಮಲ್ಲಿ ಆಗಲ್ಲ ಅಂದ್ರು. ಬೆಳಗಿನ ತಿಂಡಿ ಲೌಂಜಲ್ಲೂ ಇತ್ತು, ಆದ್ರೆ ಕೆಳಗಿನ ರೆಸ್ಟೋರೆಂಟಲ್ಲಿ ಎದುರಿಗೇ ದೋಸೆ ಹಾಕಿಕೊಡ್ತಾರೆ, ಮಕ್ಕಳಿದ್ರೆ ಅಲ್ಲಿಗೇ ಹೋಗಿ, ಖುಷಿಯಾಗಿ ತಿಂತಾರೆ.

ಕಾಫಿಗೆ, ತಿಂಡಿಗೆ, ಆ ಹುಡುಗಿಗೆ ಐದಕ್ಕೆ ಐದು. ಸಂಜೆ ನಡ್ಕೊಂಡ ರೀತಿಗೆ ಒಂದು. ದೊಡ್ಡವರೇ ಹೋಗ್ತಿದ್ರೆ ಧಾರಾಳವಾಗಿ ಕ್ಲಬ್ ರೂಮ್ ತಗೊಳ್ಳಿ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಹನ್ನೆರಡರ ಒಳಗಿನ ಮಕ್ಕಳಿದ್ರೆ ಬುಕ್ ಮಾಡೋ ಮುಂಚೆ ಹೋಟೆಲಿಗೆ ಮೇಲ್ ಹಾಕಿ, ಸಂಜೆ ಲೌಂಜಿಗೆ ಮಕ್ಕಳು ಬರಬಹುದಾ, ಎಷ್ಟು ವಯಸ್ಸಿಂದ, ಬರೋ ಹಾಗಿಲ್ಲ ಅಂದ್ರೆ ಅವರಿಗೆ ಏನು ಕೊಡ್ತೀರಾ ಅಂತ ಕೇಳಿ, ಫೋನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರಲ್ಲ, ಉತ್ತರ ಬರವಣಿಗೆಯಲ್ಲಿ ಬರ್ಲಿ. ಸರಿಯಾದ ಉತ್ತರ ಬರ್ಲಿಲ್ಲ ಅಂದ್ರೆ ಸಾಮಾನ್ಯ ರೂಮೇ ತಗೊಂಡು ಉಳಿದ ದುಡ್ಡಲ್ಲಿ ಎಲ್ಲರೂ ಒಂದೇ ಟೇಬಲಲ್ಲಿ ಕೂತು ಊಟ ಮಾಡಿ.