ಹಳೇ ಮೆಟಡೋರಿನ ಸೋರುವ ಮಾಡಿಗೆ ಸಿಲಿಕಾನೋ, ಪಿಯುವೋ, ಬ್ಯುಟೈಲೋ?

ಮೊದಲೇ ಹೇಳಿಬಿಡ್ತೀನಿ. ಹಳೇ ವ್ಯಾನಿನ ಮಾಡಿಗೆ ತೂತು ಕೊರೆದು ಏನನ್ನಾದರೂ ಕೂರಿಸುವುದಾದರೆ ಅದರ ಅಡಿಗೆ ಬ್ಯುಟೈಲ್ ಟೇಪ್, ಅಂದರೆ ಅಂಟಂಟಾದ ರಬ್ಬರಿನ ಪಟ್ಟಿ ಹಾಕಿ. ತಗಡು ತಗಡು ಸೇರುವ ಸಂದಿಗೆ ಪಿಯು ಸೀಲೆಂಟ್, ಅಂದರೆ ಟ್ಯೂಬಿನಲ್ಲಿ ಬರುವ, ಒಣಗಿದರೆ ರಬ್ಬರಿನಂತಾಗುವ ಪಾಲಿಯುರಿಥೇನ್ ಅಂಟು ಹಾಕಿ. ಬಾತ್‌ರೂಮಿಗೆ ಬಳಸುವ ಸಿಲಿಕಾನನ್ನು ಗಾಡಿಯ ಹತ್ತಿರಕ್ಕೂ ಬಿಡಬೇಡಿ.

ನಮ್ಮದು ತೊಂಬತ್ತರ ದಶಕದ ಮೆಟಡೋರ್, ಬಜಾಜ್ ಟೆಂಪೋ ಕಂಪನಿಗೆ ಫೋರ್ಸ್ ಮೋಟರ್ಸ್ ಅಂತ ಹೆಸರು ಬರುವುದಕ್ಕಿಂತ ಮುಂಚಿನದು. ಮದುವೆ ದಿಬ್ಬಣ, ಅಡಿಕೆ ಮೂಟೆ, ಮೈಕ್ ಸೆಟ್ಟು ಎಲ್ಲವನ್ನೂ ಹೊತ್ತು ನಮ್ಮ ಕಡೆಯ ಘಾಟಿಗಳನ್ನು ಹತ್ತಿಳಿದ ಜಾತಿಯ ಗಾಡಿ. ನಾವು ಕೊಳ್ಳುವ ಹೊತ್ತಿಗೇ ಒಳಗೆ ಮಂಚ, ಸ್ಟವ್ ಇಡುವ ಕಟ್ಟೆ, ಮಾಡಿನ ಮೇಲೆ ಎರಡು ಗಾಳಿಕಿಂಡಿ, ಸಾಮಾನು ಕಟ್ಟುವ ಕ್ಯಾರಿಯರ್ ಎಲ್ಲ ಇತ್ತು. ಮಾರಿದವರು "ಮೇಲೆಲ್ಲ ಹೊಸದಾಗಿ ಸೀಲ್ ಮಾಡ್ಸಿದೀನಿ, ಒಂದ್ ಹನಿ ನೀರು ಬರಲ್ಲ" ಅಂದರು. ಕಿಂಡಿಗಳ ಸುತ್ತ ಬೆಳ್ಳಗೆ, ದಪ್ಪಗೆ ಸಿಲಿಕಾನ್ ಬಳಿದದ್ದೂ ಕಾಣುತ್ತಿತ್ತು. ಜೂನಿನ ಮೊದಲ ಜೋರು ಮಳೆಗೆ ಹಾಸಿಗೆಯೆಲ್ಲ ಒದ್ದೆ.

ನಮ್ಮ ಯೋಜನೆ ಮಳೆಗಾಲದ ಸುತ್ತಾಟದ್ದೇ. ಶಿವಮೊಗ್ಗದಿಂದ ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ, ಅಲ್ಲಿಂದ ಶೃಂಗೇರಿ, ಗಾಡಿಯಲ್ಲೇ ಮಲಗುವುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಮಳೆ ನಿಲ್ಲಲಿ, ಆಮೇಲೆ ನೋಡೋಣ ಅನ್ನುವಂಥ ಊರಲ್ಲ ಅದು. ಹಾಗಾಗಿ ಎಂಜಿನ್ನು, ಬ್ರೇಕು ಮುಗಿಸಿ ಉಳಿದ ಸಮಯವನ್ನೆಲ್ಲ ಮಾಡಿಗೇ ಕೊಟ್ಟೆವು. ಒಂದೊಂದು ಜಾಗಕ್ಕೆ ಒಂದೊಂದು ಸಾಮಗ್ರಿ ಹಾಕಿ ನೋಡಿದ್ದರಿಂದ ಈ ಹೋಲಿಕೆ ಬರೆಯಲು ಸಾಧ್ಯವಾಯಿತು.

ಅಂಟು ಕೊಳ್ಳುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. ಒಳಗೆ ಹನಿ ಬೀಳುವ ಜಾಗವೇ ಬೇರೆ, ಮೇಲೆ ನೀರು ಇಳಿಯುವ ಜಾಗವೇ ಬೇರೆ. ನಮ್ಮಲ್ಲಿ ಹನಿ ಬೀಳುತ್ತಿದ್ದದ್ದು ಒಳಗಿನ ದೀಪದ ಹತ್ತಿರ. ನೀರು ಇಳಿಯುತ್ತಿದ್ದದ್ದು ಮುಂದಿನ ಕಿಂಡಿಯ ಎಡ ಮೂಲೆಯಲ್ಲಿ. ಅಲ್ಲಿಂದ ಮಾಡಿಗೆ ಅಡ್ಡಲಾಗಿ ಕೊಟ್ಟ ಕಮಾನಿನ ಪಟ್ಟಿ ಹಿಡಿದು ಹರಿದು, ದೀಪದ ತೂತು ಸಿಕ್ಕಿದಲ್ಲಿ ಕೆಳಗಿಳಿಯುತ್ತಿತ್ತು. ಒಳಗಿನ ಪ್ಲೈವುಡ್ ಬಿಚ್ಚಿ, ತಗಡಿನ ಒಳಮೈಗೆ ಸೀಮೆಸುಣ್ಣದ ಪುಡಿ ತಟ್ಟಿ, ಒಬ್ಬರು ಹೊರಗೆ ಪೈಪ್ ಹಿಡಿದು, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕೂತರೆ ನೀರು ಬಂದ ದಾರಿ ಗೆರೆಯಾಗಿ ಕಾಣುತ್ತದೆ. ಪೈಪನ್ನು ಕೆಳಗಿನ ಗಟರಿನಿಂದ, ಅಂದರೆ ಮಾಡಿನ ಅಂಚಿನಲ್ಲಿ ನೀರು ಹರಿಯುವ ಕಾಲುವೆಯಿಂದ ಶುರುಮಾಡಿ ನಿಧಾನಕ್ಕೆ ಮೇಲಕ್ಕೆ ತರಬೇಕು. ಮೇಲಿನಿಂದ ಶುರುಮಾಡಿದರೆ ಎಲ್ಲ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ಎದ್ದಾಗ ಮಾಡಿನ ಒಳಗೆಲ್ಲ ಸಣ್ಣ ಹನಿ ಸಾಲಾಗಿ ನಿಂತಿದ್ದರೆ ಅದು ಸೋರಿಕೆಯಲ್ಲ, ರಾತ್ರಿಯೆಲ್ಲ ಬಿಟ್ಟ ಉಸಿರಿನ ತೇವ. ಅದಕ್ಕೆ ಕಿಟಕಿ ಎರಡು ಬೆರಳಗಲ ತೆರೆದಿಟ್ಟರೆ ಸಾಕು.

ಈಗ ಸಿಲಿಕಾನ್. ಅಗ್ಗ, ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಗಾಜು ಮತ್ತು ಟೈಲ್ಸಿಗೆ ಚೆನ್ನಾಗಿ ಹಿಡಿಯುತ್ತದೆ. ಗಾಡಿಯ ತಗಡಿಗೆ ಬಂದಾಗ ತೊಂದರೆ ಶುರು. ಸಾಮಾನ್ಯ ಸಿಲಿಕಾನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಅದು ಅಸಿಟಿಕ್ ಆಮ್ಲ. ಬಣ್ಣ ಕಿತ್ತುಹೋದ ಬರೀ ಕಬ್ಬಿಣಕ್ಕೆ ಅದು ತಾಗಿದರೆ ತುಕ್ಕು ಹಿಡಿಯುತ್ತದೆ. ನಮ್ಮ ಮುಂದಿನ ಕಿಂಡಿಯ ಸಿಲಿಕಾನನ್ನು ಉಗುರಿನಿಂದ ಎತ್ತಿದರೆ ಉದ್ದಕ್ಕೆ ದಾರದ ಹಾಗೆ ಕಿತ್ತು ಬಂತು, ಅದರ ಅಡಿಯಲ್ಲಿ ಅಷ್ಟೇ ಅಗಲಕ್ಕೆ ಕಂದು ತುಕ್ಕಿನ ಗೆರೆ.

ಕಿತ್ತು ಬಂದ ಮೇಲೆ ಮುಗಿಯಿತು ಅಂದುಕೊಳ್ಳುವಂತಿಲ್ಲ. ಕಣ್ಣಿಗೆ ಕಾಣದ ತೆಳುವಾದ ಪದರ ತಗಡಿನ ಮೇಲೆ ಉಳಿದೇ ಇರುತ್ತದೆ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಪಿಯು ಹಿಡಿಯುವುದಿಲ್ಲ, ಹೊಸ ಸಿಲಿಕಾನ್ ಕೂಡ ಹಳೇ ಸಿಲಿಕಾನಿಗೆ ಸರಿಯಾಗಿ ಅಂಟುವುದಿಲ್ಲ. ಅಂದರೆ ಒಮ್ಮೆ ಸಿಲಿಕಾನ್ ಬಳಿದ ಜಾಗ ಮುಂದೆ ಯಾವ ಸಾಮಗ್ರಿಯನ್ನೂ ಹತ್ತಿರ ಸೇರಿಸುವುದಿಲ್ಲ. ಥಿನ್ನರ್ ಹಾಕಿ ಉಜ್ಜಿದರೆ ಕರಗುವುದಿಲ್ಲ, ಪೆಟ್ರೋಲಿಗೂ ಕರಗುವುದಿಲ್ಲ. ಡ್ರಿಲ್ಲಿಗೆ ಎಮರಿ ಪೇಪರ್ ಕಟ್ಟಿ ಉಜ್ಜಿದರೆ ಬಿಸಿಗೆ ಇನ್ನಷ್ಟು ದೂರ ಹರಡುತ್ತದೆ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಟಿಂಕರಿಂಗ್ ಮಾಡುವ ಹಿರಿಯರೊಬ್ಬರಿಗೆ ಗಾಡಿ ತೋರಿಸಿದಾಗ ಅವರು ಕಿಂಡಿಯ ಅಂಚಿನ ಮೇಲೆ ಬೆರಳಾಡಿಸಿ, "ಸಾರ್, ಇದ್ರ ಮೇಲೆ ಪೇಂಟ್ ಹೊಡೆದ್ರೆ ತೂತ್ ತೂತ್ ಬೀಳತ್ತೆ, ಫಿಶ್ ಐ ಅಂತಾರೆ ನೋಡಿ, ಅದು" ಅಂದರು.

"ಹಂಗಾರೆ ಏನ್ ಮಾಡೋದು ಭಾಯ್?"

"ಕೆತ್ತಿ ತೆಗೀಬೇಕು, ಬೇರೆ ದಾರಿ ಇಲ್ಲ. ತೆಗೆದ್ ಮೇಲೆ ನೀರ್ ಹೊಡ್ದು ನೋಡಿ. ನೀರು ಹನಿ ಹನಿಯಾಗಿ ನಿಂತ್ರೆ ಇನ್ನೂ ಅದೆ ಅಂತ ಲೆಕ್ಕ. ಒಂದೇ ಸಮ ಹರಡ್ಕೊಂಡ್ರೆ ಹೋಯ್ತು ಅಂತ."

ಈ ಒಂದು ಮಾತು ನಮಗೆ ಎಷ್ಟೋ ದುಡ್ಡು ಉಳಿಸಿತು. ಬಿದಿರಿನ ಚಕ್ಕೆಯನ್ನು ಉಳಿಯ ಹಾಗೆ ಚೂಪು ಮಾಡಿಕೊಂಡು ಕೆತ್ತಿದೆವು. ಕಬ್ಬಿಣದ ಬ್ಲೇಡಾದರೆ ಒಳ್ಳೆ ಬಣ್ಣವನ್ನೂ ಕೀಳುತ್ತದೆ. ಆಮೇಲೆ ಸಿಲಿಕಾನ್ ತೆಗೆಯಲೆಂದೇ ಸಿಗುವ ಜೆಲ್ ಹಚ್ಚಿ ಬಿಟ್ಟು, ಮತ್ತೆ ಕೆತ್ತಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬಟ್ಟೆ ಅದ್ದಿ ಒರೆಸಿದೆವು. ಪ್ರತಿ ಸಲ ಒರೆಸುವಾಗ ಬಟ್ಟೆಯ ಹೊಸ ಭಾಗ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ತೆಗೆದದ್ದನ್ನೇ ಮತ್ತೆ ಬಳಿದಂತಾಗುತ್ತದೆ. ನೀರು ಚಿಮುಕಿಸಿ ನೋಡುವುದು, ಹನಿ ನಿಂತ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕುವುದು, ಒಣಗಿಸಿ ಮತ್ತೆ ಉಜ್ಜುವುದು, ಇಷ್ಟೇ ಕೆಲಸ. ಇಡೀ ಗಾಡಿಯ ದುರಸ್ತಿಯಲ್ಲಿ ಅತಿ ಹೆಚ್ಚು ಬೇಸರ ತಂದದ್ದು ಇದು. ಗೇರ್ ಬಾಕ್ಸ್ ಇಳಿಸಿದ್ದು ಕೂಡ ಇಷ್ಟು ಕಾಡಲಿಲ್ಲ.

ನ್ಯೂಟ್ರಲ್ ಸಿಲಿಕಾನ್ ಅಂತ ಇನ್ನೊಂದು ಬಗೆ ಇದೆ, ಅದರಲ್ಲಿ ಆ ಆಮ್ಲ ಇರುವುದಿಲ್ಲ, ತುಕ್ಕಿನ ಭಯ ಕಡಿಮೆ. ಆದರೆ ಬಣ್ಣ ಹಿಡಿಯದಿರುವುದು, ತೆಗೆಯಲು ಬಾರದಿರುವುದು ಅದರಲ್ಲೂ ಹಾಗೇ ಇದೆ. ನನಗೆ ಬೇಡ.

ಎರಡು ಉಂಡೆ ಕಲಸಿ ಮೆತ್ತುವ ಎಪಾಕ್ಸಿಯನ್ನು ಕ್ಯಾರಿಯರಿನ ಕಾಲುಗಳಿಗೆ ಹಾಕಿದೆವು. ಕಲ್ಲಿನಂತೆ ಗಟ್ಟಿಯಾಯಿತು, ಹೊಂಡದ ರಸ್ತೆಯಲ್ಲಿ ಮಾಡು ಕುಲುಕಿದಾಗ ಅಂಚಿನಲ್ಲಿ ಬಿರುಕು ಬಿಟ್ಟಿತು.

ಮೇಲೆ ಅಲ್ಯೂಮಿನಿಯಂ ಹಾಳೆ, ಕೆಳಗೆ ಟಾರು ಇರುವ ಪಟ್ಟಿಯನ್ನು ಹಿಂದಿನ ಗಟರಿಗೆ ಅಂಟಿಸಿದೆವು. ಮನೆಯ ಮಾಡಿನ ಸಂದಿಗೆ ತುರ್ತಿಗೆ ಒಳ್ಳೆಯದು. ಗಾಡಿಯ ಮೇಲೆ ಏಪ್ರಿಲ್ ಬಿಸಿಲಿಗೆ ಟಾರು ಮೆತ್ತಗಾಗಿ ಅಂಚಿನಿಂದ ಕಪ್ಪಗೆ ಇಳಿಯಿತು. ದಾರಿಯಲ್ಲಿ ಏನಾದರೂ ಆದರೆ ಇರಲಿ ಅಂತ ಡ್ಯಾಶ್‌ಬೋರ್ಡಿನಲ್ಲಿ ಒಂದು ತುಂಡು ಇಟ್ಟುಕೊಂಡಿದ್ದೇನೆ, ಅಷ್ಟೇ.

ಪಿಯು ನಿಜವಾಗಿಯೂ ಗಾಡಿಯ ಸಾಮಗ್ರಿ. ಒಣಗಿದ ಮೇಲೆ ರಬ್ಬರಿನಂತೆ ಬಾಗುತ್ತದೆ, ಮೇಲೆ ಬಣ್ಣ ಹೊಡೆಯಬಹುದು, ಎಪಾಕ್ಸಿ ಪ್ರೈಮರ್ ಮೇಲೆ ಬಿಗಿಯಾಗಿ ಹಿಡಿಯುತ್ತದೆ. ಇದು ಗಟ್ಟಿಯಾಗುವುದು ಗಾಳಿಯ ತೇವದಿಂದ. ಹಾಗಾದರೆ ಮಲೆನಾಡಿಗೆ ಹೇಳಿ ಮಾಡಿಸಿದ್ದು ಅನಿಸುತ್ತದೆ, ಮೇಲ್ಪದರ ಬೇಗ ಕಟ್ಟುವುದೂ ನಿಜ. ಆದರೆ ತೇವ ಬೇಕಾದದ್ದು ಗಾಳಿಯಲ್ಲಿ, ತಗಡಿನ ಮೇಲೆ ಅಲ್ಲ. ಒದ್ದೆ ತಗಡಿಗೆ ಹಾಕಿದರೆ ಒಳಗೆ ಗುಳ್ಳೆ ಬರುತ್ತದೆ, ಸರಿಯಾಗಿ ಅಂಟುವುದೂ ಇಲ್ಲ. ಒಳಗಿನವರೆಗೆ ಗಟ್ಟಿಯಾಗಲು ದಿನಕ್ಕೆ 2–3 ಮಿಲಿಮೀಟರಿನ ಲೆಕ್ಕ. ಜುಲೈನಲ್ಲಿ ಅಷ್ಟು ಹೊತ್ತು ಒಣ ಮಾಡು ಎಲ್ಲಿಂದ ತರುವುದು? ನಾವು ಪರಿಚಯದವರ ಅಡಿಕೆ ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿಕೊಂಡೆವು. ಇನ್ನೊಂದು ವಿಷಯ, ತೆರೆದ ಟ್ಯೂಬನ್ನು ಎತ್ತಿಟ್ಟರೆ ಮುಂದಿನ ಸಲಕ್ಕೆ ಮೂತಿಯಲ್ಲೇ ಕಲ್ಲಾಗಿರುತ್ತದೆ. ಕೈಗೆ ಹತ್ತಿದರೆ ದಿನಗಟ್ಟಲೆ ಹೋಗುವುದಿಲ್ಲ, ಗ್ಲೌಸ್ ಹಾಕಿ. ಬಿಸಿಲಿಗೆ ಮೇಲ್ಮೈ ಹಳದಿಯಾಗಿ ಸೀಳುವುದರಿಂದ ಮೇಲೊಂದು ಕೋಟು ಬಣ್ಣ ಬೇಕೇ ಬೇಕು.

ಹಿಂದಿನ ಕಿಂಡಿಗೆ ಪಿಯು ಹಾಕಿದ್ದು ಒಂದು ಹನಿಯನ್ನೂ ಬಿಟ್ಟಿಲ್ಲ. ಆದರೆ ಕಿಂಡಿಯ ಫ್ಯಾನ್ ಕೆಟ್ಟಾಗ ಅದನ್ನು ಬಿಚ್ಚಲು ಚಾಕುವಿನಲ್ಲಿ ಕೊಯ್ಯಬೇಕಾಯಿತು, ಪ್ಲಾಸ್ಟಿಕ್ ಅಂಚು ಒಡೆಯಿತು. ಮತ್ತೆಂದೂ ಬಿಚ್ಚದ ಜಾಗಕ್ಕೆ ಪಿಯು ಸರಿ.

ಮುಂದಿನ ಕಿಂಡಿಗೆ ಹಾಕಿದ ಬ್ಯುಟೈಲ್ ನನ್ನ ಮೆಚ್ಚಿನದು. ಇದು ಸುರುಳಿಯಲ್ಲಿ ಬರುವ ಅಂಟಂಟಾದ ಪಟ್ಟಿ. ಟೈರಿನೊಳಗಿನ ಟ್ಯೂಬ್ ಮಾಡುವ ಬ್ಯುಟೈಲ್ ರಬ್ಬರಿನ ವಂಶದ್ದೇ. ಗಾಳಿಯನ್ನೇ ಹಿಡಿದಿಡುವ ರಬ್ಬರು ನೀರನ್ನು ತಡೆಯುವುದರಲ್ಲಿ ಆಶ್ಚರ್ಯವಿಲ್ಲ. ಇದು ಒಣಗುವುದೇ ಇಲ್ಲ, ಹಾಗಾಗಿ ಕಾಯುವ ಪ್ರಶ್ನೆಯೂ ಇಲ್ಲ. ತಗಡು ಒರೆಸಿ ಒಣಗಿಸಲು ಅರ್ಧ ಗಂಟೆ ಹೊಳವು ಸಿಕ್ಕರೆ ಕೆಲಸ ಮುಗಿಸಿ, ಮಳೆ ಬರುವ ಹೊತ್ತಿಗೆ ಒಳಗೆ ಕೂರಬಹುದು. ನಮ್ಮ ಕಡೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದಿದೆ?

ಹಾಕುವುದರಲ್ಲಿ ಸ್ವಲ್ಪ ತಾಳ್ಮೆ ಬೇಕು. ಕಿಂಡಿಯ ಚೌಕಟ್ಟಿನ ಅಡಿಗೆ ಪಟ್ಟಿಯನ್ನು ಎಳೆಯದೆ ಕೂರಿಸಿ, ಮೂಲೆಯಲ್ಲಿ ತುದಿಯ ಮೇಲೆ ತುದಿ ಬರಲಿ. ಪ್ರತಿ ಸ್ಕ್ರೂವಿನ ಕುತ್ತಿಗೆಗೂ ಚೂರು ಬ್ಯುಟೈಲ್ ಸುತ್ತಿ. ಎದುರು ಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಬಂದರೆ ಸುತ್ತಲೂ ಒಂದೇ ಸಮ ಹೊರಗೆ ಉಕ್ಕುತ್ತದೆ. ಒಂದು ಬಿಸಿಲು ಕಂಡ ಮೇಲೆ ಇನ್ನೂ ಸ್ವಲ್ಪ ಉಕ್ಕಿ ಸ್ಕ್ರೂ ಸಡಿಲವಾಗುತ್ತದೆ, ಮತ್ತೆ ಬಿಗಿ ಮಾಡಿ. ಹೆಚ್ಚಾದದ್ದನ್ನು ಅದೇ ಬಿದಿರಿನ ಚಕ್ಕೆಯಿಂದ ಕೆತ್ತಿದರೆ ಸಾಕು. ಹೊರಗೆ ತೆರೆದ ಸಂದಿಗೆ ಬಳಿಯಲು ಇದು ಬರುವುದಿಲ್ಲ, ಎರಡು ಮೈಗಳ ನಡುವೆ ಒತ್ತಿ ಹಿಡಿದರೆ ಮಾತ್ರ ಕೆಲಸ ಮಾಡುತ್ತದೆ. ಧೂಳೂ ಹತ್ತುತ್ತದೆ, ಅಂಚು ಕಪ್ಪಾಗಿ ಕಾಣುತ್ತದೆ.

ಆಗುಂಬೆಯಲ್ಲಿ ರಾತ್ರಿಯಿಡೀ ಸುರಿದ ಮಳೆಗೆ ಮುಂದಿನ ಕಿಂಡಿಯ ಕೆಳಗೆ ತಟ್ಟಿದ ಸೀಮೆಸುಣ್ಣದ ಪುಡಿ ಬೆಳಿಗ್ಗೆ ಇದ್ದ ಹಾಗೇ ಇತ್ತು. ಕ್ಯಾರಿಯರಿನ ಒಂದು ಕಾಲಿನ ಕೆಳಗೆ ಮಾತ್ರ ಗೆರೆ ಬಿದ್ದಿತ್ತು, ಆ ಎಪಾಕ್ಸಿ ಬಿರುಕಿನದು. ಊರಿಗೆ ಬಂದು ಅದಕ್ಕೂ ಬ್ಯುಟೈಲ್ ಹಾಕಿದೆ.

ಗಾಡಿಗೆ ಶೆಡ್ ಇದ್ದು, ಮಾಡಿನ ಮೇಲಿನದನ್ನು ಬಿಚ್ಚುವ ಅಭ್ಯಾಸ ಇಲ್ಲದವರಿಗೆ ಪಿಯು ಒಂದೇ ಸಾಕು. ನನ್ನ ಗಾಡಿ ಅಂಗಳದಲ್ಲೇ ನಿಲ್ಲುತ್ತದೆ, ಪ್ರತಿ ಮೇ ತಿಂಗಳು ಏಣಿ ಹಾಕಿ ಸ್ಕ್ರೂ ಒಂದೊಂದನ್ನೇ ಮುಟ್ಟಿ ನೋಡುವವನು ನಾನು. ಬಿಚ್ಚಿ, ಒರೆಸಿ, ಹೊಸ ಪಟ್ಟಿ ಹಾಕಿ ಮತ್ತೆ ಕೂರಿಸಲು ಬ್ಯುಟೈಲಿನಷ್ಟು ಸುಲಭ ಯಾವುದೂ ಇಲ್ಲ. ಖರ್ಚಿನ ಲೆಕ್ಕಕ್ಕೆ ಬಂದರೂ, ಸಿಲಿಕಾನಿಗಿಂತ ಹೆಚ್ಚು ಕೊಟ್ಟದ್ದು ಆ ಜೆಲ್ಲು ಮತ್ತು ಮರುಬಣ್ಣದ ಖರ್ಚಿನ ಮುಂದೆ ಏನೂ ಅಲ್ಲ.

ಬ್ಯುಟೈಲ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗದಿದ್ದರೆ ತಗಡಿನ ಶೆಡ್ ಹಾಕುವವರನ್ನು ಕೇಳಿ, ಶೀಟಿನ ಮೇಲೆ ಶೀಟು ಕೂರುವಲ್ಲಿ ಅವರೂ ಇದನ್ನೇ ಇಡುತ್ತಾರೆ. ಪಿಯು ಕೊಳ್ಳುವಾಗ ತಯಾರಾದ ತಾರೀಖು ಓದಿ, ಪೊಟ್ಟಣವನ್ನು ಒತ್ತಿ ನೋಡಿ. ಎಲ್ಲಾದರೂ ಗಟ್ಟಿ ತಾಗಿದರೆ ಬೇರೆ ಕೊಡಿ ಅನ್ನಿ.